ಗೊಡ್ಡು ತೊಗರಿಯೊಳಗಿನ ಎರಡು ದಾರ: ಡಿಎನ್‌ಎ ಮತ್ತು ಆರ್‌ಎನ್‌ಎ

ಡಿಸೆಂಬರ್‌ನಲ್ಲಿ ಭಾಲ್ಕಿಯಿಂದ ಭಾತಂಬ್ರಾ ಕಡೆ ಹೊಲ ನೋಡ್ಕೋತ ಹೋದ್ರೆ ತೊಗರಿ ಒಣಗಿ ಕಂದು ಬಣ್ಣಕ್ಕೆ ತಿರುಗಿರ್ತದ, ಕಾಯಿ ಗಲ್ ಗಲ್ ಅಂತಿರ್ತವ. ಆದ್ರೆ ಅದರ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹಚ್ಚಗೆ ನಿಂತಿರ್ತದ. ಎಲೆ ಸಣ್ಣವು, ಅದರ ಮೇಲೆ ತಿಳಿ ಹಸಿರು, ಹಳದಿ ಮಚ್ಚೆ. ಗಿಡ ಪೊದೆಯಂಗ ಬೆಳೆದಿರ್ತದ. ಹೂವಿಲ್ಲ, ಕಾಯಿಲ್ಲ. ಗೊತ್ತಿಲ್ಲದವರು "ಈ ಗಿಡ ಎಷ್ಟು ಚೆಂದ ಹಸಿರಾಗದ" ಅಂತಾರೆ. ಗೊತ್ತಿದ್ದ ರೈತರು ಅದಕ್ಕೆ ಗೊಡ್ಡು ರೋಗ ಅಂತಾರೆ. ಕೆಲವರು ಬಂಜೆ ರೋಗ ಅಂತಲೂ ಅಂತಾರೆ. ಎಳೆ ಗಿಡಕ್ಕೇ ಬಡಿದ್ರೆ ಆ ಗಿಡದಿಂದ ಒಂದು ಮುಷ್ಟಿ ಕಾಳೂ ಮನೆಗೆ ಬರೋದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಗ್ರೀನ್ ಪ್ಲೇಗ್ ಅಂತ ಇನ್ನೊಂದು ಹೆಸರೂ ಇದೆ.

ಆ ಒಂದು ಹಸಿರು ಗಿಡದ ಒಂದೇ ಜೀವಕೋಶದೊಳಗೆ ಎರಡು ಬರಹ ಇರ್ತವ. ಒಂದು ತೊಗರಿಯದ್ದೇ ಬರಹ, ಅದು ಡಿಎನ್‌ಎಯಲ್ಲಿ ಬರೆದದ್ದು. ಇನ್ನೊಂದು ಹೊರಗಿನಿಂದ ಬಂದ ವೈರಸ್ಸಿನ ಬರಹ, ಅದು ಆರ್‌ಎನ್‌ಎಯಲ್ಲಿ ಬರೆದದ್ದು. ಬಯಾಲಜಿ ಫಾರ್ ಇಂಜಿನಿಯರ್ಸ್ ಪೇಪರ್‌ನಲ್ಲಿ "ಡಿಫರೆನ್ಸಸ್ ಬಿಟ್ವೀನ್ ಡಿಎನ್‌ಎ ಅಂಡ್ ಆರ್‌ಎನ್‌ಎ, 5 ಮಾರ್ಕ್ಸ್" ಅಂತ ಕೇಳಿದ್ರೆ ನಾವೆಲ್ಲ ಒಂದು ಟೇಬಲ್ ಬರೆದು ಕೈ ತೊಳ್ಕೊಳ್ತೀವಿ. ಆ ಟೇಬಲ್‌ನ ಒಂದೊಂದು ಸಾಲೂ ಹೊಲದಲ್ಲಿ ಏನು ಮಾಡ್ತದ ಅನ್ನೋದು ಈ ಲೇಖನದ ವಿಷಯ. ಪಿಯುಸಿ ಬಯಾಲಜಿ ಬಿಟ್ಟು ಬಂದವರಿಗೂ, ಮೊದಲಿಂದ ಕಂಪ್ಯೂಟರ್ ಸೈನ್ಸ್ ತಗೊಂಡವರಿಗೂ ಅರ್ಥ ಆಗಲಿ ಅಂತ ಬುಡದಿಂದಲೇ ಶುರು ಮಾಡ್ತೀವಿ.

ಒಂದು ಮಣಿ, ಮೂರು ಭಾಗ

ಡಿಎನ್‌ಎ, ಆರ್‌ಎನ್‌ಎ ಎರಡೂ ಮಣಿಸರದಂಗ ಉದ್ದ ಅಣುಗಳು. ಒಂದೊಂದು ಮಣಿಗೆ ನ್ಯೂಕ್ಲಿಯೋಟೈಡ್ ಅಂತ ಹೆಸರು. ಪ್ರತಿ ಮಣಿಯಲ್ಲಿ ಮೂರು ಭಾಗ: ಐದು ಕಾರ್ಬನ್ ಇರೋ ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್. ಸಕ್ಕರೆ ಅಂದ ಕೂಡಲೇ ಚಹಾಕ್ಕೆ ಹಾಕೋ ಸಕ್ಕರೆ ಅಲ್ಲ. ಅದಕ್ಕಿಂತ ಬಹಳ ಸಣ್ಣದು, ಉಂಗುರದ ಆಕಾರದ್ದು. ಆರ್‌ಎನ್‌ಎಯಲ್ಲಿ ಇರೋದು ರೈಬೋಸ್, ಡಿಎನ್‌ಎಯಲ್ಲಿ ಇರೋದು ಡಿಆಕ್ಸಿರೈಬೋಸ್. ಡಿಆಕ್ಸಿ ಅಂದ್ರೆ ಒಂದು ಆಕ್ಸಿಜನ್ ಕಮ್ಮಿ ಅಂತ. ಅಷ್ಟೇ ವ್ಯತ್ಯಾಸ. ಆದ್ರೆ ಆ ಒಂದು ಆಕ್ಸಿಜನ್ ಎಷ್ಟು ದೊಡ್ಡ ಕೆಲಸ ಮಾಡ್ತದ ಅಂತ ಮುಂದೆ ನೋಡೋಣ.

ಸಕ್ಕರೆಯ ಐದು ಕಾರ್ಬನ್‌ಗಳಿಗೆ ನಂಬರ್ ಹಾಕಿದ್ದಾರೆ: 1 ಪ್ರೈಮ್, 2 ಪ್ರೈಮ್, ಹೀಗೆ 5 ಪ್ರೈಮ್ ತನಕ. ಬರೀ ನಂಬರ್ ಅನ್ನದೆ ಪ್ರೈಮ್ ಅಂತ ಯಾಕಂದ್ರೆ ಬೇಸ್‌ನ ಪರಮಾಣುಗಳಿಗೂ ನಂಬರ್ ಇವೆ, ಗೊಂದಲ ಆಗಬಾರದು ಅಂತ. 1 ಪ್ರೈಮ್‌ಗೆ ಬೇಸ್ ಅಂಟಿರ್ತದ. 5 ಪ್ರೈಮ್‌ಗೆ ಫಾಸ್ಫೇಟ್ ಅಂಟಿರ್ತದ. ಆ ಫಾಸ್ಫೇಟ್‌ನ ಇನ್ನೊಂದು ಕೈ ಹಿಂದಿನ ಮಣಿಯ 3 ಪ್ರೈಮ್ ಕಾರ್ಬನ್ನನ್ನ ಹಿಡ್ಕೊಂಡಿರ್ತದ. ಹೀಗೆ ಸಕ್ಕರೆ, ಫಾಸ್ಫೇಟ್, ಸಕ್ಕರೆ, ಫಾಸ್ಫೇಟ್ ಅಂತ ಸಾಲು ಹೋಗ್ತದ. ಇದು ಬೆನ್ನೆಲುಬು. ಬೇಸ್‌ಗಳು ಬದಿಗೆ ಚಾಚಿರ್ತವ.

ಈ ಜೋಡಣೆಯಿಂದ ಒಂದು ಸಂಗತಿ ತಾನಾಗೇ ಬರ್ತದ: ಸರಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ 5 ಪ್ರೈಮ್ ಖಾಲಿ, ಇನ್ನೊಂದು ತುದಿಯಲ್ಲಿ 3 ಪ್ರೈಮ್ ಖಾಲಿ. ಹಾಗಾಗಿ ಅಕ್ಷರ ಓದುವಾಗ ಯಾವ ಕಡೆಯಿಂದ ಅನ್ನೋದು ಮುಖ್ಯ. ಸಾಮಾನ್ಯವಾಗಿ 5 ಪ್ರೈಮ್‌ನಿಂದ 3 ಪ್ರೈಮ್ ಕಡೆ ಓದ್ತಾರೆ. ಕೋಶದೊಳಗಿನ ಕಿಣ್ವಗಳೂ ಹೊಸ ಎಳೆಯನ್ನ ಅದೇ ದಿಕ್ಕಿನಲ್ಲಿ ಮಾತ್ರ ಕಟ್ತವ.

ಫಾಸ್ಫೇಟ್‌ಗಳಿಗೆ ನೆಗೆಟಿವ್ ಚಾರ್ಜ್. ಹಾಗಾಗಿ ಇಡೀ ಅಣುವೇ ಉದ್ದಕ್ಕೂ ನೆಗೆಟಿವ್. ಲ್ಯಾಬ್‌ನಲ್ಲಿ ಜೆಲ್‌ನೊಳಗೆ ಡಿಎನ್‌ಎ ಹಾಕಿ ಕರೆಂಟ್ ಕೊಟ್ರೆ ಅದು ಪಾಸಿಟಿವ್ ತುದಿ ಕಡೆ ಓಡ್ತದ. ಸಣ್ಣ ತುಂಡು ಮುಂದೆ, ದೊಡ್ಡ ತುಂಡು ಹಿಂದೆ. ಎಲೆಕ್ಟ್ರಿಕಲ್ ಬ್ರ್ಯಾಂಚಿನವರಿಗೆ ಇದನ್ನ ಬಿಡಿಸಿ ಹೇಳೋ ಅವಶ್ಯಕತೆ ಇಲ್ಲ.

ಬೇಸ್‌ಗಳು ನಾಲ್ಕು. ಡಿಎನ್‌ಎಯಲ್ಲಿ ಅಡೆನಿನ್, ಗ್ವಾನಿನ್, ಸೈಟೋಸಿನ್, ಥೈಮಿನ್. ಚಿಕ್ಕದಾಗಿ ಎ, ಜಿ, ಸಿ, ಟಿ. ಆರ್‌ಎನ್‌ಎಯಲ್ಲಿ ಟಿ ಬದಲು ಯುರಾಸಿಲ್, ಅಂದ್ರೆ ಯು. ಎ ಮತ್ತು ಜಿ ಎರಡು ಉಂಗುರದವು, ಇವಕ್ಕೆ ಪ್ಯೂರಿನ್ ಅಂತಾರೆ. ಸಿ, ಟಿ, ಯು ಒಂದೇ ಉಂಗುರದವು, ಇವು ಪಿರಿಮಿಡಿನ್. ಹೆಸರು ಉದ್ದ ಇದ್ದದ್ದು ಸಣ್ಣ ಅಣು, ಹೆಸರು ಗಿಡ್ಡ ಇದ್ದದ್ದು ದೊಡ್ಡ ಅಣು ಅಂತ ನೆನಪಿಟ್ಕೊಂಡ್ರೆ ಪರೀಕ್ಷೆಯಲ್ಲಿ ಅದಲುಬದಲು ಆಗೋದಿಲ್ಲ.

ಜೋಡಿ ಕೂಡೋ ಲೆಕ್ಕ

ಡಿಎನ್‌ಎಯಲ್ಲಿ ಎರಡು ಎಳೆ ಎದುರುಬದುರು ಕೂತಿರ್ತವ. ಎ ಎದುರಿಗೆ ಟಿ, ನಡುವೆ ಎರಡು ಹೈಡ್ರೋಜನ್ ಬಂಧ. ಜಿ ಎದುರಿಗೆ ಸಿ, ನಡುವೆ ಮೂರು. ಪ್ರತಿ ಜೋಡಿಯಲ್ಲೂ ಎರಡು ಉಂಗುರದ್ದು ಒಂದು, ಒಂದು ಉಂಗುರದ್ದು ಒಂದು. ಹಾಗಾಗಿ ಯಾವ ಜೋಡಿ ಬಂದ್ರೂ ಒಟ್ಟು ಅಗಲ ಒಂದೇ. ಇದು ಬಹಳ ಜಾಣ ವಿನ್ಯಾಸ. ಒಳಗೆ ಏನು ಬರೆದ್ರೂ ಹೊರಗಿನ ಆಕಾರ ಕೆಡೋದಿಲ್ಲ, ಸುಮಾರು 2 ನ್ಯಾನೋಮೀಟರ್ ವ್ಯಾಸ ಉದ್ದಕ್ಕೂ ಹಾಗೇ ಇರ್ತದ.

ಎರಡು ಎಳೆಯ ದಿಕ್ಕು ಒಂದಕ್ಕೊಂದು ಉಲ್ಟಾ. ಬೀದರ್-ಭಾಲ್ಕಿ ರಸ್ತೆಯಲ್ಲಿ ಹೋಗೋ ಬಸ್ಸು, ಬರೋ ಬಸ್ಸು ಇದ್ದಂಗ. ಒಂದು ಎಳೆಯಲ್ಲಿ 5 ಪ್ರೈಮ್‌ನಿಂದ ಎ-ಟಿ-ಜಿ-ಸಿ-ಸಿ-ಎ ಅಂತ ಇದ್ರೆ ಎದುರಿನ ಎಳೆಯಲ್ಲಿ ಏನಿರ್ತದ? ಎದುರುಬದುರು ಇಟ್ರೆ ಟಿ-ಎ-ಸಿ-ಜಿ-ಜಿ-ಟಿ. ಆದ್ರೆ ಆ ಎಳೆಯನ್ನ ಅದರದ್ದೇ 5 ಪ್ರೈಮ್ ಕಡೆಯಿಂದ ಓದಬೇಕು. ಹಾಗಾಗಿ ಉತ್ತರ ಟಿ-ಜಿ-ಜಿ-ಸಿ-ಎ-ಟಿ. ಕೋಡಿಂಗ್ ಮಾಡೋರು ಇದನ್ನ ರಿವರ್ಸ್ ಕಾಂಪ್ಲಿಮೆಂಟ್ ಅಂತಾರೆ. ಪೈಥಾನ್‌ನಲ್ಲಿ ಎರಡು ಸಾಲು ಸಾಕು, ಸುಮ್ಮನೆ ಬರೆದು ನೋಡ್ರಿ.

ಎ ಇದ್ದಷ್ಟೇ ಟಿ, ಜಿ ಇದ್ದಷ್ಟೇ ಸಿ ಇರ್ತದ ಅನ್ನೋದು ಮೊದಲು ಲೆಕ್ಕವಾಗಿ ಸಿಕ್ಕಿತು, ಕಾರಣ ಆಮೇಲೆ. ಎರ್ವಿನ್ ಚಾರ್ಗಾಫ್ 1950ರ ಹೊತ್ತಿಗೇ ಈ ಸಮಾನತೆ ಕಂಡಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ 1952ರಲ್ಲಿ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಸುರುಳಿಯ ಗುರುತು ಸ್ಪಷ್ಟ ಇತ್ತು. ವಾಟ್ಸನ್ ಮತ್ತು ಕ್ರಿಕ್ 1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಎರಡೆಳೆಯ ಸುರುಳಿ ಮಾದರಿ ಪ್ರಕಟಿಸಿದರು. ಪುಸ್ತಕದಲ್ಲಿ ಫ್ರಾಂಕ್ಲಿನ್ ಹೆಸರು ಇನ್ನೂ ಒಂದೇ ಸಾಲಿನಲ್ಲಿ ಮುಗಿಸ್ತಾರೆ, ನಮಗೆ ಅದು ಸರಿ ಅನ್ಸೋದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಯಾವುದೋ ಎರಡೆಳೆ ಡಿಎನ್‌ಎಯಲ್ಲಿ ಎ ಶೇಕಡಾ 34 ಇದೆ ಅಂತ ಇಟ್ಕೊಳ್ರಿ. ಟಿ ಕೂಡ 34. ಉಳಿದದ್ದು 32, ಅದರಲ್ಲಿ ಜಿ 16, ಸಿ 16. ಒಂದು ಅಂಕಿ ಕೊಟ್ರೆ ಮೂರು ಸಿಗ್ತವ. ಈ ಲೆಕ್ಕ ಒಂಟಿ ಎಳೆಗೆ ನಡೆಯೋದಿಲ್ಲ. ಎ ಮತ್ತು ಯು ಪ್ರಮಾಣ ಬೇರೆ ಬೇರೆ ಬಂದ್ರೆ ಆ ಆರ್‌ಎನ್‌ಎ ಒಂಟಿ ಎಳೆಯದ್ದು ಅಂತ ಗೊತ್ತಾಗ್ತದ.

ಹೈಡ್ರೋಜನ್ ಬಂಧವೇ ಡಿಎನ್‌ಎಯನ್ನ ಹಿಡಿದಿಟ್ಟದ್ದು ಅಂತ ನಾವೆಲ್ಲ ಬರೀತೀವಿ. ಅದು ಅರ್ಧ ಸತ್ಯ. ಬೇಸ್‌ಗಳು ಚಪ್ಪಟೆ. ಬುಟ್ಟಿಯಲ್ಲಿ ರೊಟ್ಟಿ ಒಂದರ ಮೇಲೊಂದು ಇಟ್ಟಂಗ ಅವು ಒಟ್ಟಾಗಿ ಕೂತಿರ್ತವ, 0.34 ನ್ಯಾನೋಮೀಟರ್‌ಗೆ ಒಂದು ಜೋಡಿ. ಈ ಒತ್ತೊತ್ತಾಗಿ ಕೂಡೋದರಿಂದಲೇ ಸುರುಳಿಗೆ ಹೆಚ್ಚಿನ ಗಟ್ಟಿತನ. ಹೈಡ್ರೋಜನ್ ಬಂಧದ ಮುಖ್ಯ ಕೆಲಸ ಯಾರ ಎದುರಿಗೆ ಯಾರು ಅನ್ನೋದನ್ನ ನಿರ್ಧರಿಸೋದು.

ತೊಗರಿಯ ಡಿಎನ್‌ಎ ಎಷ್ಟು ಉದ್ದ?

ನಮ್ಮ ಕಡೆಯಿಂದ ಹೈದರಾಬಾದ್ ಬಸ್ಸು ಹತ್ತಿದವರಿಗೆ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಬರೋದು ಗೊತ್ತು. ಅಲ್ಲಿ ಇಕ್ರಿಸ್ಯಾಟ್ ಅಂತ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ, 1972ರಲ್ಲಿ ಶುರುವಾದದ್ದು. ಜೋಳ, ಸಜ್ಜೆ, ಕಡಲೆ, ಶೇಂಗಾ, ತೊಗರಿ ಇವೆಲ್ಲ ಅವರ ಬೆಳೆಗಳು, ಅಂದ್ರೆ ನಮ್ಮ ಬೆಳೆಗಳೇ. ರಾಜೀವ್ ವರ್ಷ್ನೇಯ ಅವರ ನೇತೃತ್ವದ ತಂಡ 2011ರ ನವೆಂಬರ್‌ನಲ್ಲಿ ತೊಗರಿಯ ಜೀನೋಮ್ ಕರಡನ್ನ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿತು. ಅದೇ ವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿಗಳೂ ಬೇರೆಯಾಗಿ ಒಂದು ಕರಡು ಪ್ರಕಟಿಸಿದರು. ಎರಡೂ ತಂಡ ಓದಿದ್ದು ಒಂದೇ ತಳಿ, ಆಶಾ. ಬೀಜದ ಅಂಗಡಿಯಲ್ಲಿ ಈ ಹೆಸರು ಕೇಳಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ.

ತೊಗರಿಯ ಜೀನೋಮ್ ಸುಮಾರು 83.3 ಕೋಟಿ ಜೋಡಿ ಅಕ್ಷರ, 11 ಕ್ರೋಮೋಸೋಮ್‌ಗಳಲ್ಲಿ ಹಂಚಿದ್ದು. ಕರಡಿನಲ್ಲಿ ಜೋಡಿಸಲಿಕ್ಕೆ ಸಿಕ್ಕದ್ದು ಸುಮಾರು 60.6 ಕೋಟಿ, ಶೇಕಡಾ 73ರಷ್ಟು. ಅದರಲ್ಲಿ 48,680 ಜೀನ್ ಇರಬಹುದು ಅಂತ ಅಂದಾಜು ಮಾಡಿದರು.

ಈಗ ನಮ್ಮ ಕ್ಯಾಲ್ಕುಲೇಟರ್ ತೆಗೆಯೋಣ. 83.3 ಕೋಟಿ ಗುಣಿಸು 0.34 ನ್ಯಾನೋಮೀಟರ್. ಉತ್ತರ ಸುಮಾರು 28 ಸೆಂಟಿಮೀಟರ್, ಅಂದ್ರೆ ನಮ್ಮ ಡ್ರಾಯಿಂಗ್ ಸ್ಕೇಲ್‌ಗಿಂತ ಸ್ವಲ್ಪ ಗಿಡ್ಡ. ಪ್ರತಿ ಕೋಶದಲ್ಲಿ ತಾಯಿದೊಂದು, ತಂದೆದೊಂದು ಪ್ರತಿ ಇರೋದರಿಂದ ಅರ್ಧ ಮೀಟರ್‌ಗಿಂತ ಹೆಚ್ಚು. ಇದು ಕೆಲವೇ ಮೈಕ್ರೋಮೀಟರ್ ಅಗಲದ ಕೋಶಕೇಂದ್ರದೊಳಗೆ ಮಡಚಿ ಕೂತಿರ್ತದ. ಇನ್ನೊಂದು ಲೆಕ್ಕ: ನಾಲ್ಕು ಅಕ್ಷರ ಅಂದ್ರೆ ಒಂದು ಅಕ್ಷರಕ್ಕೆ 2 ಬಿಟ್. ಒಟ್ಟು ಸುಮಾರು 167 ಕೋಟಿ ಬಿಟ್, ಅಂದ್ರೆ 208 ಮೆಗಾಬೈಟ್. ಮೊಬೈಲ್ ಗೇಮಿನ ಒಂದು ಅಪ್‌ಡೇಟ್ ಇದಕ್ಕಿಂತ ದೊಡ್ಡದಿರ್ತದ. ಬೇರು, ಕಾಂಡ, ಹಳದಿ ಹೂವು, ಬೇಳೆ ಎಲ್ಲ ಅಷ್ಟರಲ್ಲೇ ಬರೆದಿದೆ.

ಹೆಣೆದಿದೆಯೋ, ಪಕ್ಕಪಕ್ಕದಲ್ಲಿದೆಯೋ? ಬೆಂಗಳೂರಿನ ಒಂದು ವಾದ

ವಾಟ್ಸನ್-ಕ್ರಿಕ್ ಆದ ಮೇಲೆ ಕಥೆ ಮುಗೀತು ಅಂತ ನಾವು ಅಂದ್ಕೊಂಡಿರ್ತೀವಿ. ಮುಗಿದಿರಲಿಲ್ಲ. ಅದರ ಮುಂದಿನ ಅಧ್ಯಾಯದ ಒಂದು ದೊಡ್ಡ ಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು, ಆದ್ರೆ ಕನ್ನಡದ ಮಕ್ಕಳಿಗೇ ಅದು ಗೊತ್ತಿಲ್ಲ.

ಸಮಸ್ಯೆ ಹೀಗಿದೆ. ಸುರುಳಿಯಲ್ಲಿ ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತು. ತೊಗರಿಯ 83.3 ಕೋಟಿ ಜೋಡಿಗೆ ಸುಮಾರು 8 ಕೋಟಿ ಸುತ್ತು ಆಯ್ತು. ಕೋಶ ಒಡೆದು ಎರಡಾಗುವಾಗ ಪ್ರತಿ ಸಲ ಎರಡೂ ಎಳೆ ಬೇರೆ ಆಗಬೇಕು. ಹೊಸೆದ ಹಗ್ಗವನ್ನ ತುದಿ ಬಿಡದೆ ಬಿಚ್ಚಲಿಕ್ಕೆ ಹೋದ್ರೆ ಏನಾಗ್ತದ ಅಂತ ಹಳ್ಳಿಯಿಂದ ಬಂದವರಿಗೆ ಗೊತ್ತು, ಮುಂದೆ ಗಂಟು ಬಿಗೀತದ. ಹಾಗಾದ್ರೆ ಡಿಎನ್‌ಎ ಇಷ್ಟು ಸುಲಭವಾಗಿ ಹ್ಯಾಂಗ ಬಿಚ್ಚಿಕೊಳ್ತದ?

1976ರಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ಒಂದೇ ಥರದ ಉತ್ತರ ಹುಟ್ಟಿತು. ಒಂದು ನ್ಯೂಜಿಲೆಂಡ್‌ನ ರಾಡ್ಲಿ ತಂಡ, ಇನ್ನೊಂದು ಬೆಂಗಳೂರಿನ ವಿ. ಶಶಿಶೇಖರನ್ ತಂಡ. ಶಶಿಶೇಖರನ್ ಅಂದ್ರೆ ಜಿ.ಎನ್. ರಾಮಚಂದ್ರನ್ ಜೊತೆ 1963ರಲ್ಲಿ ಪ್ರೋಟೀನಿನ ರಾಮಚಂದ್ರನ್ ನಕ್ಷೆ ಕೊಟ್ಟವರಲ್ಲಿ ಒಬ್ಬರು. ಇವರು ಹೇಳಿದ್ದು ಏನಂದ್ರೆ ಎರಡೂ ಎಳೆ ಒಂದಕ್ಕೊಂದು ಹೆಣೆದುಕೊಂಡೇ ಇರಬೇಕು ಅಂತಿಲ್ಲ. ಸ್ವಲ್ಪ ದೂರ ಬಲಕ್ಕೆ ತಿರುಗಿ, ಸ್ವಲ್ಪ ದೂರ ಎಡಕ್ಕೆ ತಿರುಗಿ, ಒಟ್ಟಿನಲ್ಲಿ ಪಕ್ಕಪಕ್ಕ ಹೋಗಬಹುದು. ಬೇಸ್ ಜೋಡಿ ಅದೇ, ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಆದ್ರೆ ಬಿಚ್ಚೋದು ಸುಲಭ. ಆಗ ಇದ್ದ ಎಕ್ಸ್-ರೇ ಚಿತ್ರಗಳು ದಾರದಂಥ ಮಾದರಿಯಿಂದ ಬಂದವು, ಒಂದೊಂದು ಪರಮಾಣು ಎಲ್ಲಿದೆ ಅಂತ ತೋರಿಸುವಷ್ಟು ಸೂಕ್ಷ್ಮ ಅಲ್ಲ. ಹಾಗಾಗಿ ಈ ಪ್ರಶ್ನೆ ಕೇಳೋದು ತಪ್ಪಲ್ಲ, ಕೇಳಲೇಬೇಕಿತ್ತು.

ಉತ್ತರ ಬಂದದ್ದು ಒಂದು ಟೋಪಾಲಜಿ ಪ್ರಯೋಗದಿಂದ. ಎರಡೂ ತುದಿ ಸೇರಿಸಿ ಬಳೆಯಂಗ ಮಾಡಿದ ಡಿಎನ್‌ಎಯಲ್ಲಿ ಎರಡು ಎಳೆ ಎಷ್ಟು ಸಲ ಒಂದನ್ನೊಂದು ಸುತ್ತಿವೆ ಅನ್ನೋ ಸಂಖ್ಯೆ ಕತ್ತರಿಸದೆ ಬದಲಾಗೋದಿಲ್ಲ. ಅದನ್ನ ಜೆಲ್‌ನಲ್ಲಿ ಎಣಿಸಬಹುದು. ಜೇಮ್ಸ್ ವಾಂಗ್ 1979ರಲ್ಲಿ ಗೊತ್ತಿದ್ದಷ್ಟು ಜೋಡಿ ಅಕ್ಷರ ಸೇರಿಸಿ ಸುತ್ತು ಎಷ್ಟು ಹೆಚ್ಚಾಯ್ತು ಅಂತ ಅಳೆದರು. ಸುಮಾರು 10.4 ಜೋಡಿಗೆ ಒಂದು ಸುತ್ತು ಬಂತು. ಅಂದ್ರೆ ಎಳೆಗಳು ನಿಜಕ್ಕೂ ಹೆಣೆದುಕೊಂಡಿವೆ. ಅದೇ ವರ್ಷ ಕ್ರಿಕ್, ವಾಂಗ್ ಮತ್ತು ಬಾವರ್ ಸೇರಿ "ಡಿಎನ್‌ಎ ನಿಜವಾಗಿಯೂ ಜೋಡಿ ಸುರುಳಿಯೇ?" ಅನ್ನೋ ಅರ್ಥದ ತಲೆಬರಹದಲ್ಲೇ ಲೇಖನ ಬರೆದರು. ಬಿಚ್ಚೋ ಸಮಸ್ಯೆಗೆ ಪರಿಹಾರ ಟೋಪೋಐಸೊಮರೇಸ್ ಅನ್ನೋ ಕಿಣ್ವ. ಅದು ಎಳೆ ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಬೆಸೆದು ಬಿಡ್ತದ.

ಬೆಂಗಳೂರಿಗೆ ಇದರಲ್ಲಿ ಬರೀ ಸೋಲೇ ಅಂತ ಅಲ್ಲ. ಅದೇ ಸಂಸ್ಥೆಯ ಭೌತವಿಜ್ಞಾನಿ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಡ್ಜ್‌ನ ಓಲ್ಗಾ ಕೆನಾರ್ಡ್ ಮತ್ತಿತರರ ಜೊತೆ 1978ರಲ್ಲಿ ಎ-ಟಿ-ಎ-ಟಿ ಅನ್ನೋ ನಾಲ್ಕೇ ಅಕ್ಷರದ ಡಿಎನ್‌ಎ ತುಂಡಿನ ಹರಳಿನಲ್ಲಿ ಪರಮಾಣು ಮಟ್ಟದ ರಚನೆ ಬಿಡಿಸಿದರು, ನೇಚರ್‌ನಲ್ಲಿ ಬಂತು. ಎ ಮತ್ತು ಟಿ ವಾಟ್ಸನ್-ಕ್ರಿಕ್ ಹೇಳಿದ ರೀತಿಯಲ್ಲೇ ಜೋಡಿ ಕೂತದ್ದು ಅಲ್ಲಿ ಕಂಡಿತು. ಜೊತೆಗೆ ಇನ್ನೊಂದು ಕಂಡಿತು: ಎಲ್ಲ ಸಕ್ಕರೆ ಉಂಗುರಗಳೂ ಒಂದೇ ಥರ ಬಾಗಿರಲಿಲ್ಲ, ಒಂದು ಬಿಟ್ಟು ಒಂದು ಬೇರೆ ಥರ ಬಾಗಿದ್ದವು. ಅಂದ್ರೆ ಸುರುಳಿ ಪುಸ್ತಕದ ಚಿತ್ರದಂಗ ನುಣುಪಾದ ಕಬ್ಬಿಣದ ಸ್ಪ್ರಿಂಗ್ ಅಲ್ಲ, ಅಕ್ಷರ ಬದಲಾದಂಗ ಅಲ್ಲಲ್ಲಿ ಆಕಾರವೂ ಸ್ವಲ್ಪ ಬದಲಾಗ್ತದ. 1979ರಲ್ಲಿ ಅಲೆಕ್ಸಾಂಡರ್ ರಿಚ್ ತಂಡ ಎಡಕ್ಕೆ ತಿರುಗೋ ಝಡ್-ಡಿಎನ್‌ಎ ಹರಳನ್ನೂ ತೋರಿಸಿತು. ಎಡ ಸುರುಳಿ ಅನ್ನೋ ಮಾತು ಪೂರ್ತಿ ಹುಚ್ಚು ಮಾತಾಗಿರಲಿಲ್ಲ.

ಆ ಒಂದು ಆಕ್ಸಿಜನ್

ಈಗ ಆರ್‌ಎನ್‌ಎಗೆ ಬರೋಣ. ರೈಬೋಸ್‌ನ 2 ಪ್ರೈಮ್ ಕಾರ್ಬನ್ ಮೇಲೆ ಒಂದು ಓಎಚ್ ಗುಂಪು ಇದೆ. ಡಿಎನ್‌ಎಯಲ್ಲಿ ಆ ಜಾಗದಲ್ಲಿ ಬರೀ ಹೈಡ್ರೋಜನ್. ಈ ಓಎಚ್ ಸುಮ್ಮನೆ ಕೂಡೋದಿಲ್ಲ. ಪಕ್ಕದಲ್ಲೇ ಇರೋ ಫಾಸ್ಫೇಟ್ ಮೇಲೆ ದಾಳಿ ಮಾಡಿ ಸರವನ್ನೇ ಕತ್ತರಿಸಬಲ್ಲದು. ಕ್ಷಾರೀಯ ದ್ರಾವಣದಲ್ಲಿ ಇದು ಬಹಳ ಜಲ್ದಿ ನಡೀತದ. ಹಾಗಾಗಿ ಆರ್‌ಎನ್‌ಎ ಬಾಳಿಕೆ ಕಮ್ಮಿ. ದೀರ್ಘಕಾಲ ಇಡಬೇಕಾದ ಮೂಲ ದಾಖಲೆಗೆ ಡಿಎನ್‌ಎ ಸರಿ, ಕೆಲಸ ಮುಗಿದ ಮೇಲೆ ಹರಿದು ಒಗೆಯೋ ಚೀಟಿಗೆ ಆರ್‌ಎನ್‌ಎ ಸರಿ. ಹಾರ್ಡ್ ಡಿಸ್ಕ್, ರ‍್ಯಾಮ್ ಅಂತ ಹೋಲಿಸೋದು ನಮ್ಮ ಬ್ರ್ಯಾಂಚಿನ ಚಾಳಿ. ಆದ್ರೆ ರ‍್ಯಾಮ್ ತಾನೇ ಎದ್ದು ಕೆಲಸ ಮಾಡೋದಿಲ್ಲ, ಆರ್‌ಎನ್‌ಎ ಮಾಡ್ತದ.

ಹ್ಯಾಂಗ ಅಂದ್ರೆ, ಒಂಟಿ ಎಳೆಯಾಗಿರೋದರಿಂದ ಅದು ತನ್ನ ಮೇಲೆ ತಾನೇ ಮಡಚಿಕೊಂಡು ಎ-ಯು, ಜಿ-ಸಿ ಜೋಡಿ ಮಾಡ್ಕೊಂಡು ನಾನಾ ಆಕಾರ ತಾಳ್ತದ. ಟ್ರಾನ್ಸ್‌ಫರ್ ಆರ್‌ಎನ್‌ಎ ಬರೀ 76ರ ಆಸುಪಾಸು ಅಕ್ಷರದ್ದು, ಆದ್ರೆ ಮಡಚಿ ಇಂಗ್ಲಿಷ್ ಎಲ್ ಆಕಾರಕ್ಕೆ ಬರ್ತದ. ಪ್ರೋಟೀನ್ ಕಟ್ಟೋ ಯಂತ್ರ ರೈಬೋಸೋಮ್‌ನಲ್ಲಿ ಅಮೈನೋ ಆಮ್ಲಗಳನ್ನ ಒಂದಕ್ಕೊಂದು ಬೆಸೆಯೋ ಜಾಗ ಪ್ರೋಟೀನ್‌ನಿಂದ ಆದದ್ದಲ್ಲ, ಆರ್‌ಎನ್‌ಎಯಿಂದ ಆದದ್ದು. ರೈಬೋಸೋಮ್ ರಚನೆಗೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ಇನ್ನು ಟಿ ಬದಲು ಯು ಯಾಕೆ? ಇದನ್ನ ಬಹಳ ಪುಸ್ತಕ ಹೇಳೋದೇ ಇಲ್ಲ. ಟಿ ಅಂದ್ರೆ ಯು ಮೇಲೆ ಒಂದು ಮೀಥೈಲ್ ಗುಂಪು ಸೇರಿಸಿದ್ದು, ಅಷ್ಟೇ. ಡಿಎನ್‌ಎಯಲ್ಲಿ ಸಿ ಅನ್ನೋ ಅಕ್ಷರ ತಾನಾಗೇ ನೀರಿನ ಜೊತೆ ಕ್ರಿಯೆ ನಡೆಸಿ ಆಗಾಗ ಯು ಆಗಿಬಿಡ್ತದ. ಡಿಎನ್‌ಎಯಲ್ಲಿ ಯು ಇರಲೇಬಾರದು ಅನ್ನೋ ನಿಯಮ ಇರೋದರಿಂದ ರಿಪೇರಿ ಕಿಣ್ವಕ್ಕೆ ಗುರುತು ಹಚ್ಚೋದು ಸುಲಭ: ಯು ಕಂಡ್ರೆ ಅದು ಕೆಟ್ಟ ಸಿ, ತೆಗೆದು ಸಿ ಹಾಕು. ಡಿಎನ್‌ಎಯಲ್ಲೂ ಸಹಜವಾಗಿ ಯು ಇದ್ದಿದ್ರೆ ಯಾವುದು ಮೂಲ, ಯಾವುದು ಕೆಟ್ಟದ್ದು ಅಂತ ತಿಳೀತಿರಲಿಲ್ಲ. ಎರರ್ ಡಿಟೆಕ್ಷನ್ ಕೋಡ್ ಓದಿದವರಿಗೆ ಇದು ಮಸ್ತ್ ಅನ್ನಿಸಬೇಕು. ಜಲ್ದಿ ಒಡೆದು ಹೋಗೋ ಆರ್‌ಎನ್‌ಎಗೆ ಅಷ್ಟು ಖರ್ಚಿನ ಟಿ ಬೇಕಿಲ್ಲ.

ಮತ್ತೆ ಆ ಹಸಿರು ಗಿಡಕ್ಕೆ

ಗೊಡ್ಡು ರೋಗ ಮೊದಲು ವರದಿಯಾದದ್ದು 1931ರಲ್ಲಿ, ಬಿಹಾರದ ಪೂಸಾದಿಂದ. ರೋಗ ಹರಡಿಸೋದು ಒಂದು ನುಸಿ, ಕಣ್ಣಿಗೆ ಕಾಣದಷ್ಟು ಸಣ್ಣದು, ಸುಮಾರು 0.2 ಮಿಲಿಮೀಟರ್. ಗಾಳಿಯಲ್ಲಿ ತೇಲಿ ಹೊಲದಿಂದ ಹೊಲಕ್ಕೆ ಹೋಗ್ತದ. ಆದ್ರೆ ನುಸಿ ಹೊತ್ತು ತರೋದು ಏನನ್ನ ಅಂತ ಹಿಡಿಯಲಿಕ್ಕೆ ಸುಮಾರು 70 ವರ್ಷ ಬೇಕಾಯ್ತು. ಅದು ವೈರಸ್, ಅದರ ಜೀನೋಮ್ ಡಿಎನ್‌ಎ ಅಲ್ಲ, ಒಂಟಿ ಎಳೆಯ ಆರ್‌ಎನ್‌ಎ. ಅದೂ ಒಂದೇ ಉದ್ದ ಸರ ಅಲ್ಲ, ಕನಿಷ್ಠ ಐದು ತುಂಡು.

ಇನ್ನೂ ಒಂದು ತಿರುವು ಇದೆ. ಈ ಆರ್‌ಎನ್‌ಎ ನೆಗೆಟಿವ್ ಸೆನ್ಸ್. ನಾವು ಮೇಲೆ ಮಾಡಿದ ಉದಾಹರಣೆಯನ್ನೇ ತಗೊಳ್ರಿ. ಪ್ರೋಟೀನ್ ಕಟ್ಟಲಿಕ್ಕೆ ರೈಬೋಸೋಮ್‌ಗೆ ಎ-ಯು-ಜಿ-ಸಿ-ಸಿ-ಎ ಅನ್ನೋ ಸಂದೇಶ ಬೇಕು ಅಂತ ಇಟ್ಕೊಳ್ರಿ. ಎ-ಯು-ಜಿ ಅಂದ್ರೆ ಶುರು ಮಾಡು ಅನ್ನೋ ಗುರುತು. ವೈರಸ್ಸಿನ ಹತ್ತಿರ ಇರೋದು ಆ ಸಂದೇಶ ಅಲ್ಲ, ಅದರ ಎದುರಿನ ಎಳೆ, ಯು-ಜಿ-ಜಿ-ಸಿ-ಎ-ಯು. ರೈಬೋಸೋಮ್‌ಗೆ ಅದು ಅರ್ಥ ಆಗೋದಿಲ್ಲ. ಹಾಗಾಗಿ ವೈರಸ್ ತನ್ನ ಜೊತೆ ನಕಲು ಮಾಡೋ ಕಿಣ್ವವನ್ನೂ ಕಟ್ಟಿಕೊಂಡೇ ಬರ್ತದ. ಕೋಶದೊಳಗೆ ಬಂದ ಕೂಡಲೇ ಆ ಕಿಣ್ವ ಜೋಡಿ ನಿಯಮದ ಪ್ರಕಾರ ಸರಿ ದಿಕ್ಕಿನ ಪ್ರತಿ ಮಾಡ್ತದ. ಆಮೇಲೆ ತೊಗರಿಯ ರೈಬೋಸೋಮ್‌ಗಳೇ, ಸಂಬಳ ಇಲ್ಲದೆ, ವೈರಸ್ಸಿನ ಪ್ರೋಟೀನ್ ಕಟ್ಟಿ ಕೊಡ್ತವ.

ಇದರಿಂದ ಎರಡು ಪರಿಣಾಮ. ಒಂದು, ಗಿಡದ ಡಿಎನ್‌ಎ ತೆಗೆದು ಎಷ್ಟು ಓದಿದ್ರೂ ಈ ವೈರಸ್ ಅದರಲ್ಲಿ ಸಿಗೋದಿಲ್ಲ. ಮೊದಲು ಎಲೆಯಿಂದ ಆರ್‌ಎನ್‌ಎ ತೆಗೀಬೇಕು, ಅದನ್ನ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಕಿಣ್ವದಿಂದ ಡಿಎನ್‌ಎ ಮಾಡಬೇಕು, ಆಮೇಲೆ ಪಿಸಿಆರ್‌ನಲ್ಲಿ ಹೆಚ್ಚಿಸಬೇಕು. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲಿ ಇದ್ದ ಆರ್‌ಟಿ-ಪಿಸಿಆರ್ ಇದೇ. ಅದರೊಳಗಿನ ಆರ್‌ಟಿ ಅಂದ್ರೆ ಈ ರಿವರ್ಸ್ ಕೆಲಸ. ಎಲೆ ಕಿತ್ತು ಬಿಸಿಲಲ್ಲಿ ಇಟ್ಕೊಂಡು ಬಂದ್ರೆ ಆರ್‌ಎನ್‌ಎ ಒಡೆದು ಹೋಗಿರಬಹುದು, ಐಸ್ ಮೇಲೆ ತರಬೇಕು. 2 ಪ್ರೈಮ್ ಓಎಚ್ ಟೇಬಲ್‌ನಿಂದ ಎದ್ದು ಹೊಲಕ್ಕೆ ಬಂದದ್ದು ಇಲ್ಲಿ.

ಎರಡನೆಯದು ಹೆಚ್ಚು ಚಿಂತೆಯ ಮಾತು. ಡಿಎನ್‌ಎ ನಕಲು ಮಾಡೋ ಕಿಣ್ವ ಹಿಂದಕ್ಕೆ ತಿರುಗಿ ತಪ್ಪು ಅಕ್ಷರ ಅಳಿಸ್ತದ. ಆರ್‌ಎನ್‌ಎ ವೈರಸ್‌ಗಳ ಕಿಣ್ವಗಳಲ್ಲಿ ಹೆಚ್ಚಿನವಕ್ಕೆ ಆ ಅಭ್ಯಾಸ ಇಲ್ಲ. 10,000ದಿಂದ 10 ಲಕ್ಷ ಅಕ್ಷರಕ್ಕೆ ಒಂದರಂತೆ ತಪ್ಪು ಉಳೀತಾವ. ಹಾಗಾಗಿ ವೈರಸ್ ಬೇಗ ಬದಲಾಗ್ತದ. ಪಟಾನ್‌ಚೆರು, ಕೊಯಮತ್ತೂರು, ಬೆಂಗಳೂರು ಅಂತ ಇದರ ಬೇರೆ ಬೇರೆ ಪ್ರಭೇದ ಗುರುತಿಸಿದ್ದಾರೆ, ಅದರಲ್ಲಿ ಬೆಂಗಳೂರಿನದು ಉಗ್ರ. ಒಂದು ಕಡೆ ರೋಗ ತಡೆದ ತಳಿ ಇನ್ನೊಂದು ಕಡೆ ತಡೀತದ ಅಂತ ಖಾತ್ರಿ ಇಲ್ಲ.

ತಳಿ ಅಂದ್ರೆ ಏನು? ಅದೇ ನಾಲ್ಕು ಅಕ್ಷರ, ಅದೇ ಸಕ್ಕರೆ, ಅದೇ ಫಾಸ್ಫೇಟ್, ಸಾಲು ಮಾತ್ರ ಅಲ್ಲಲ್ಲಿ ಬೇರೆ. 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿ ನೆಟೆ ರೋಗಕ್ಕೆ ಗಟ್ಟಿ, ಆದ್ರೆ ಗೊಡ್ಡು ರೋಗಕ್ಕೆ ಸುಲಭ ತುತ್ತು. ಎಷ್ಟು ಸುಲಭ ಅಂದ್ರೆ ವಿಜ್ಞಾನಿಗಳು ಪ್ರಯೋಗದಲ್ಲಿ ರೋಗ ಬಂತೋ ಇಲ್ಲೋ ನೋಡಲಿಕ್ಕೆ ಹೋಲಿಕೆಗೆ ಮಾರುತಿಯನ್ನೇ ಹಾಕ್ತಾರೆ. 1993ರ ಆಶಾ ಎರಡಕ್ಕೂ ನಿರೋಧಕ ಅಂತಲೇ ಬಂದದ್ದು. ಮರಾಠವಾಡದ ಬದನಾಪುರದಿಂದ ಬಂದ ಬಿಎಸ್‌ಎಮ್‌ಆರ್-736 ಕೂಡ ಹಾಗೇ. ಬೀಜದ ಚೀಲದ ಮೇಲೆ ಈ ಹೆಸರು ಓದುವಾಗ ನಾವು ಓದ್ತಿರೋದು ಒಂದು ಅಕ್ಷರ ಸಾಲಿನ ಅಡ್ಡಹೆಸರು.

ಒಮ್ಮೆ ರೋಗ ಬಂದ ಗಿಡಕ್ಕೆ ಔಷಧಿ ಇಲ್ಲ. ವೈರಸ್ ತೊಗರಿಯದ್ದೇ ಯಂತ್ರ ಬಳಸ್ತಿರೋದರಿಂದ ಅದನ್ನ ಮಾತ್ರ ಕೊಲ್ಲೋ ಸಿಂಪಡಣೆ ಇಲ್ಲ. ನುಸಿಗೆ ಹೊಡೀಬಹುದು, ಅದೂ ಬೆಳೆ ಎಳೆಯದಿದ್ದಾಗ. ಉಳಿದದ್ದು ಕೈಕೆಲಸ: ಮಚ್ಚೆ ಎಲೆ ಕಂಡ ಗಿಡವನ್ನ ಮೊದಲ ತಿಂಗಳಲ್ಲೇ ಕಿತ್ತು ಹೊಲದಿಂದ ಹೊರಗೆ ಹಾಕಿ ನಾಶ ಮಾಡೋದು, ಹಳೆ ವರ್ಷದ ಕೂಳೆ ತೊಗರಿ, ಬದುವಿನ ಮೇಲೆ ತಾನಾಗೇ ಬೆಳೆದ ಗಿಡ ಉಳಿಸದಿರೋದು. ಬೇಸಿಗೆಯಲ್ಲಿ ನುಸಿ ಮತ್ತು ವೈರಸ್ ಎರಡಕ್ಕೂ ಅವೇ ಮನೆ. "ಹಸಿರಾಗದ, ಇರಲಿ, ದನಕ್ಕ ಆಗ್ತದ" ಅಂತ ಬಿಟ್ಟ ಗಿಡವೇ ಮುಂದಿನ ವರ್ಷ ಪಕ್ಕದ ಹೊಲದ ಬೆಳೆ ತಿಂತದ. ಊರಿಗೆ ಹೋದಾಗ ಮನೆಯಲ್ಲಿ ಇದೊಂದು ಮಾತು ಹೇಳ್ರಿ.

ಕಣ್ಣಾರೆ ನೋಡಬೇಕು ಅನ್ನೋರಿಗೆ

ಎಳ್ಳಮಾವಾಸ್ಯೆಗೆ ಭಜ್ಜಿ ಮಾಡಲಿಕ್ಕೆ ಹಸಿ ತೊಗರಿ ಕಾಳು ಬಿಡಿಸ್ತಾರಲ್ಲ, ಅದರಲ್ಲಿ ಅರ್ಧ ಬಟ್ಟಲು ಎತ್ತಿಟ್ಕೊಳ್ರಿ. ಒಂದು ಬಟ್ಟಲು ತಣ್ಣೀರು, ಒಂದು ಚಿಟಿಕೆ ಉಪ್ಪು ಹಾಕಿ ಮಿಕ್ಸರ್‌ನಲ್ಲಿ 15 ಸೆಕೆಂಡ್ ತಿರುವಿ. ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿಗೆ ಎರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮೆತ್ತಗೆ ಕಲಸಿ 10 ನಿಮಿಷ ಬಿಡಿ. ನೊರೆ ಬರಿಸಬ್ಯಾಡ್ರಿ. ಸೋಪು ಕೋಶದ ಪೊರೆಯ ಕೊಬ್ಬನ್ನ ಕರಗಿಸ್ತದ. ಆಮೇಲೆ ಸ್ವಲ್ಪ ಅನಾನಸ್ ರಸ ಹಾಕಿದ್ರೆ ಡಿಎನ್‌ಎಗೆ ಅಂಟಿದ ಪ್ರೋಟೀನ್ ಕತ್ತರಿಸ್ತದ. ಈಗ ಫ್ರೀಜರ್‌ನಲ್ಲಿ ಇಟ್ಟು ತಣ್ಣಗೆ ಮಾಡಿದ ಸರ್ಜಿಕಲ್ ಸ್ಪಿರಿಟ್ಟನ್ನ ಗ್ಲಾಸಿನ ಗೋಡೆಗುಂಟ ನಿಧಾನಕ್ಕೆ ಸುರೀರಿ, ಅದು ಮೇಲೆ ಪ್ರತ್ಯೇಕ ಪದರವಾಗಿ ನಿಲ್ಲಬೇಕು. ಹತ್ತಿರ ಒಲೆ, ಬೆಂಕಿ ಬೇಡ.

ಐದು ನಿಮಿಷದಲ್ಲಿ ಎರಡು ಪದರದ ನಡುವಿನಿಂದ ಬಿಳಿ ಎಳೆ ಮೇಲೇಳ್ತದ. ಕಾರಣ ಇಷ್ಟೇ: ಉಪ್ಪಿನ ಸೋಡಿಯಂ ಫಾಸ್ಫೇಟ್‌ಗಳ ನೆಗೆಟಿವ್ ಚಾರ್ಜನ್ನ ಮುಚ್ಚಿರ್ತದ, ಸ್ಪಿರಿಟ್‌ನಲ್ಲಿ ಡಿಎನ್‌ಎಗೆ ಕರಗಲಿಕ್ಕೆ ಆಗೋದಿಲ್ಲ, ಹಾಗಾಗಿ ಒಟ್ಟಾಗಿ ಹೊರಗೆ ಬರ್ತದ. ಕಡ್ಡಿಗೆ ಸುತ್ತಿ ಎತ್ತಬಹುದು. ಕಾಣೋದು ಒಂದು ಸುರುಳಿ ಅಲ್ಲ, ಕೋಟ್ಯಂತರ ಕೋಶಗಳ ಡಿಎನ್‌ಎ ಗಂಟು, ಜೊತೆಗೆ ಸ್ವಲ್ಪ ಪ್ರೋಟೀನ್, ಸ್ವಲ್ಪ ಆರ್‌ಎನ್‌ಎ ತುಂಡೂ ಅಂಟಿರ್ತದ. ಅದನ್ನ ಚಮಚದಷ್ಟು ನೀರಿಗೆ ಹಾಕಿ ಒಂದು ರಾತ್ರಿ ಬಿಟ್ರೆ ಬಹುಪಾಲು ಮತ್ತೆ ಕರಗಿ ನೀರು ಸ್ವಲ್ಪ ಲೋಳೆ ಆಗ್ತದ.